ಛತ್ರಿ ಅಂಗಡಿಯವನ ಬೆಳ್ಳುಳ್ಳಿ ದಂಟು

ಎಸ್ತ್ರೆಮೋಜ್
೨೬ ಜೂನ್ ೧೯೮೬, ಗುರುವಾರ

ಗ್ರಾಸಿಯೆತ್‌ಗೆ,

ಸಮಸ್ತ ಪೋರ್ಚುಗಲ್ ದೇಶದ ಜನತೆಗೆ, ವಿಶೇಷವಾಗಿ ಪೋರ್ಟೊ ಪಟ್ಟಣದಲ್ಲಿ ಅಕ್ಕನ ಮನೆಯಲ್ಲಿ ಬೀಡುಬಿಟ್ಟಿರುವ ನನ್ನ ಧರ್ಮಪತ್ನಿಗೆ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ಅಂಗೈಯಗಲದ ಮಣ್ಣಿನ ಕುಂಡದಲ್ಲಿರುವ ಒಂದು ಕಾಮಕಸ್ತೂರಿ ಗಿಡ ಎರಡು ರೈಲು, ಒಂದು ದೋಣಿ ಮತ್ತು ಒಬ್ಬ ಕೆಮ್ಮುವ ಪಾದ್ರಿಯನ್ನು ದಾಟಿ, ನನ್ನ ತೊಡೆಯ ಮೇಲೆಯೇ ಕೂತು ಪ್ರಯಾಣ ಮಾಡಿ, ಒಂದೆಲೆಯೂ ಉದುರದಂತೆ ಎಸ್ತ್ರೆಮೋಜ್ ತಲುಪಿದೆ. ಸ್ವಾಗತಕ್ಕೆ ಬ್ಯಾಂಡು ಬಂದಿರಲಿಲ್ಲ. ನಾನೂ ತಲುಪಿದ್ದೇನೆ, ಅದು ಅಷ್ಟು ಮುಖ್ಯವಾದ ಸಂಗತಿಯಲ್ಲ.

ಅತ್ತಿಗೆಯ ಮೊಣಕಾಲು ಹೇಗಿದೆ? ಸೋಮವಾರ ಇಡೀ ದಿನ ಆ ಮೊಣಕಾಲು ಒಲೆಗೂ ಬಾಗಿಲಿಗೂ ಕುದುರೆಯ ಹಾಗೆ ಓಡಾಡಿದ್ದನ್ನು ನೋಡಿದ್ದೆ. ಮಂಗಳವಾರ ಬೆಳಿಗ್ಗೆ ನಾನು ಪೆಟ್ಟಿಗೆಗೆ ಬೆಲ್ಟು ಬಿಗಿಯುತ್ತಿರುವಾಗ ಅದು ಇದ್ದಕ್ಕಿದ್ದಂತೆ ಕೈಕೊಟ್ಟಿತು. "ಅಕ್ಕನ್ನ ಈ ಸ್ಥಿತೀಲಿ ಬಿಟ್ಟು ಹೆಂಗ್ರೀ ಬರ್ಲಿ?" ಅಂದೆ ನೀನು. ನಾನು ಬೆಲ್ಟನ್ನು ಇನ್ನೊಂದಿಷ್ಟು ಬಿಗಿದೆ. ಸಮಾಧಿ ಕಲ್ಲಿನ ಮೇಲೆ ಅಕ್ಷರ ಕೆತ್ತುವವನು ನಾನು. ನನ್ನ ಗಿರಾಕಿಗಳು ಮಾತಾಡುವವರಲ್ಲ. ಅವರ ಸಹವಾಸದಲ್ಲಿ ನನಗೂ ಸುಮ್ಮನಿರುವ ಅಭ್ಯಾಸವಾಗಿದೆ.

ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ನಿನ್ನ ಹುಟ್ಟೂರು ತೋರಿಸುತ್ತೇನೆಂದು ಕರೆದುಕೊಂಡು ಹೋದೆ. ಆದರೆ ತೋರಿಸಿದ್ದು ನೀನು, ನೋಡಿದ್ದು ನಾನು. ರೈಲು ನಿಲ್ದಾಣದ ಗೋಡೆಯಲ್ಲಿ ಯುದ್ಧದ ಚಿತ್ರಗಳಿರುವ ನೀಲಿ ಹೆಂಚುಗಳ ಮುಂದೆ ನಿಂತು ಎಲ್ಲ ಯುದ್ಧಗಳಲ್ಲೂ ಯಾರು ಗೆದ್ದರು ಅಂತ ಹೇಳಿದೆ. ದೊಡ್ಡ ಇಗರ್ಜಿಯ ಕಪ್ಪು ಗ್ರಾನೈಟಿನ ಗೋಡೆ ತಟ್ಟಿ, "ನಿಮ್ಮೂರ ಅಮೃತಶಿಲೆ ಹಂಗೆ ಮೆತ್ತಗಿಲ್ಲ ಇದು" ಅಂದೆ. ಅಮೃತಶಿಲೆಯ ಬಗ್ಗೆ ಹಾಗೆ ಮಾತಾಡಿದವರನ್ನು ನಾನು ಸಾಮಾನ್ಯವಾಗಿ ಕ್ಷಮಿಸುವುದಿಲ್ಲ. ಇಗರ್ಜಿಯ ಗಂಟೆ ಗೋಪುರದ ಬುಡಕ್ಕೆ ಬಂದಾಗ ಮಾತ್ರ "ಹೊಸ ಶೂ ಕಚ್ತಿದೆ, ನೀವೊಬ್ರೇ ಹತ್ತಿ ಬನ್ನಿ" ಅಂದೆ. ನಾನು ಹತ್ತಿದೆ. ಮೇಲಿನಿಂದ ಊರು ಚೆನ್ನಾಗಿ ಕಾಣುತ್ತದೆ. ಬಹಳ ಚೆನ್ನಾಗಿ ಕಾಣುತ್ತದೆ.

ಅಂದಹಾಗೆ ಆ ಹೊಸ ಶೂ. ಗೋಡೆ ಹತ್ತಿದ ಹಾಗೆ ಬೀದಿ ಹತ್ತಬೇಕಾದ ಊರಿಗೆ ಎತ್ತರದ ಹಿಮ್ಮಡಿಯ ಶೂ ಯಾಕೆ ಬೇಕಿತ್ತು ಎಂಬುದು ನನ್ನ ಸಣ್ಣ ತಲೆಗೆ ಹೊಳೆದಿಲ್ಲ. ಹೋಗಲಿ.

ಕೇವಲ ಮಾಹಿತಿಗಾಗಿ ಇನ್ನೊಂದು ಪ್ರಶ್ನೆ. ಗೋಪುರದಿಂದ ಇಳಿದ ಮೇಲೆ ನೀನು ಹೊಳೆಗೆ ಹೋಗುವ ದೊಡ್ಡ ದಾರಿ ಬಿಟ್ಟು ನನ್ನನ್ನು ಒಂದು ಓಣಿಗೆ ತಿರುಗಿಸಿದೆ. ಅಲ್ಲಿ ಚೌಕಳಿ ಅಂಗಿಯ ಒಬ್ಬ ಮಹಾಶಯ, ಕೈಯಲ್ಲಿ ಹೂಬಿಟ್ಟ ಬೆಳ್ಳುಳ್ಳಿ ದಂಟು ಹಿಡಿದವನು, ಅದನ್ನು ನಿನ್ನ ತಲೆಯ ಮೇಲೆ ಆಡಿಸಿ ಮೂಗಿನ ಹತ್ತಿರ ತಂದ. ನೀನು ನಕ್ಕೆ. ನಾನು ಅವನ ಮಣಿಕಟ್ಟು ಹಿಡಿದು, "ಯಾರಯ್ಯಾ ನೀನು? ಇವಳು ನಿನಗೇನಾಗಬೇಕು?" ಅಂತ ಅತ್ಯಂತ ವಿನಯದಿಂದ ಕೇಳಿದೆ. ಅವನು ಕಣ್ಣು ಮಿಟುಕಿಸದೆ ಹೇಳಿದ: "ಏನೂ ಆಗ್ಬೇಕಾಗಿಲ್ಲ ಯಜಮಾನ್ರೇ. ನಿಮ್ಮ ಮನೆಯೋರನ್ನ ನಾನು ಜನ್ಮದಲ್ಲೇ ನೋಡಿಲ್ಲ. ಇವತ್ತು ಸಾಂವ್ ಜುವಾಂವ್ ಹಬ್ಬ, ಕಂಡೋರ ತಲೆಗೆಲ್ಲ ಬಡೀತೀವಿ."

ಅಷ್ಟು ನುಣುಪಾದ ಸುಳ್ಳನ್ನು ನಾನು ಅಮೃತಶಿಲೆಯಲ್ಲೂ ಕಂಡಿಲ್ಲ. ಅವನ ಬೆನ್ನ ಹಿಂದಿನ ಅಂಗಡಿಯಲ್ಲಿ ನೇತಾಡುತ್ತಿದ್ದವು ಛತ್ರಿಗಳು ಗ್ರಾಸಿಯೆತ್, ಸಾಸೇಜುಗಳಲ್ಲ. ನಮ್ಮ ಸಂಸಾರದಲ್ಲಿ ಮದುವೆಗೂ ಮುಂಚಿನ ನಿನ್ನ ಒಬ್ಬ ಛತ್ರಿ ಅಂಗಡಿಯವನಿದ್ದಾನೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ನಾನು ಸಾರಿಗೆ ಉಪ್ಪು ಜಾಸ್ತಿ ಅಂದರೆ "ಪೋರ್ಟೊದೋನು ಹಿಂಗೆ ಅಂತಿರ್ಲಿಲ್ಲ" ಅನ್ನುತ್ತೀ. ಚರ್ಚಿಗೆ ತಡ ಮಾಡಿದರೆ ಅವನು ತಡ ಮಾಡುತ್ತಿರಲಿಲ್ಲ. ಹೆಸರು ಮಾತ್ರ ಯಾವತ್ತೂ ಹೇಳಿಲ್ಲ. ನಮ್ಮೂರಲ್ಲಿ ಮಳೆಯೇ ಇಲ್ಲ. ನಮ್ಮ ಮನೆಯೊಳಗೆ ಮಾತ್ರ ಒಂದು ಛತ್ರಿ ಮದುವೆಯಾದ ದಿನದಿಂದ ಬಿಚ್ಚಿಕೊಂಡೇ ಇದೆ.

ಅದೇ ಸಂಜೆ ನಾನು ಬೂತಾಯಿ ಮೀನು ಸುಡಿಸಿಕೊಂಡು ಬರುವಷ್ಟರಲ್ಲಿ ನಿನ್ನ ಕೈಗೆ ಈ ಕುಂಡ ಬಂದಿತ್ತು. ಕಾಗದದ ಹೂವು, ಪುಟ್ಟ ಬಾವುಟ, ಬಾವುಟದ ಮೇಲೆ ಪ್ರೇಮದ ಎರಡು ಸಾಲು. ಈ ಗಿಡವನ್ನು ಆ ಹಬ್ಬದಲ್ಲಿ ಗಂಡಸರು ಮೆಚ್ಚಿದ ಹೆಂಗಸರಿಗೆ ಕೊಡುತ್ತಾರೆ ಎಂಬಷ್ಟು ನನಗೂ ಗೊತ್ತು. ನಾನು ಕೊಟ್ಟಿರಲಿಲ್ಲ.

ನನಗೆ ಹೊಟ್ಟೆಕಿಚ್ಚಿಲ್ಲ. ಎಲ್ಲರೂ ಕೊನೆಗೆ ಎಲ್ಲಿಗೆ ಬರುತ್ತಾರೆ ಅಂತ ತಿಳಿದ ಕಸುಬಿನವನಿಗೆ ಹೊಟ್ಟೆಕಿಚ್ಚು ಇರುವುದಿಲ್ಲ.

ಇಂತಿ,
ಅದೇರಿತೊ

•

ಪೋರ್ಟೊ
೧ ಜುಲೈ, ಮಂಗಳವಾರ

ರೀ,

ಪತ್ರ ಬಂತು. ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಜುಲ್ಮಿರಾ ಅಕ್ಕ ಪೂರ್ತಿ ಕೇಳಿ, "ನಿನ್ನ ಗಂಡ ಪತ್ರ ಬರ್ದಿದಾನೋ ಗೋರಿ ಮೇಲೆ ಕೆತ್ತೋಕೆ ಕರಡು ಕಳ್ಸಿದಾನೋ?" ಅಂದಳು. ಅವಳ ಮೊಣಕಾಲು ಹಾಗೇ ಇದೆ. ನಿಮ್ಮ ಪತ್ರದಲ್ಲಿ ಕುದುರೆ ಅಂತ ಬಂದ ಕಡೆ ಸ್ವಲ್ಪ ಜಾಸ್ತಿಯೇ ಆಯಿತು.

ಹಬ್ಬದ ಸೋಮವಾರ ನೀವು ಮಾಡಿದ ಘನಕಾರ್ಯದ ವರದಿಯಲ್ಲಿ ಅರ್ಧ ಬಿಟ್ಟಿದ್ದೀರಿ. ಉಳಿದರ್ಧ ನಾನು ಬರೆಯುತ್ತೇನೆ. ವರ್ಷಕ್ಕೊಂದು ದಿನ ಈ ಊರಿನಲ್ಲಿ ಯಾರು ಬೇಕಾದರೂ ಯಾರ ತಲೆಗಾದರೂ ಬಡಿಯಬಹುದು. ಹಳಬರು ಬೆಳ್ಳುಳ್ಳಿ ದಂಟಿನಲ್ಲಿ, ಹೊಸಬರು ಕೀಂಯ್ ಅನ್ನುವ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ. ನ್ಯಾಯಾಧೀಶರಿಗೂ ಬಡಿಯುತ್ತಾರೆ, ಪಾದ್ರಿಗಳಿಗೂ ಬಡಿಯುತ್ತಾರೆ. ಹೊರಡುವ ಮುಂಚೆ ಅಕ್ಕ ನಿಮ್ಮ ಕೈಗೂ ಒಂದು ಸುತ್ತಿಗೆ ಕೊಟ್ಟಿದ್ದಳು. ನೀವು ಅದನ್ನು ತಿರುಗಿಸಿ ನೋಡಿ, "ಇದರ ತೂಕ ಸರಿಯಿಲ್ಲ" ಅಂತ ಕಿಸೆಗೆ ಹಾಕಿಕೊಂಡಿರಿ. ಹಬ್ಬದ ಮಧ್ಯೆ ಅಂಥ ಸುತ್ತಿಗೆಯ ತೂಕ ನೋಡಿದ ಮನುಷ್ಯ ನೀವೊಬ್ಬರೇ ಇರಬೇಕು.

ಓಣಿಯಲ್ಲಿ ನೀವು ಅವರ ಮಣಿಕಟ್ಟು ಹಿಡಿದು ನಿಂತಾಗ ಜನ ಬೀದಿ ನಾಟಕ ಅಂದುಕೊಂಡು ಸುತ್ತುಗಟ್ಟಿದರು. ಮೀನು ಮಾರುವ ಅಜ್ಜಿ ಹಿಂದಿನಿಂದ ನಿಮ್ಮ ತಲೆಗೆ ಕೀಂಯ್ ಅನ್ನಿಸಿ, "ಬಿಡ್ರೋ ಪಾಪ, ದಕ್ಷಿಣದೋನು. ಅವನಿಗೆ ಏಟು ಬಿದ್ದಿದ್ದು ಗೊತ್ತಾಗೋಕೆ ನಾಳೆ ಆಗತ್ತೆ" ಅಂದಳಲ್ಲ, ಅದನ್ನು ಯಾಕೆ ಬರೆಯಲಿಲ್ಲ? ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೇ ಇರೋಕೆ ನಾನೇನು ಗ್ರಾನೈಟೇ?

ಛತ್ರಿ ಅಂಗಡಿ ಇದ್ದರೆ ಇರಲಿ. ಮಳೆ ಬರುವ ಊರಿನಲ್ಲಿ ಬೀದಿಗೊಂದು ಛತ್ರಿ ಅಂಗಡಿ ಇರುತ್ತದೆ. ನೀವು ಗೋಪುರ ಹತ್ತಿದ ಹೊತ್ತಿಗೆ ನಾನು ಕೆಳಗೆ ಇಗರ್ಜಿಯ ಮೆಟ್ಟಿಲ ಮೇಲೆ ಕೂತಿದ್ದವಳು ಅಲ್ಲಿಂದ ಅಲ್ಲಾಡಲಿಲ್ಲ. ಶೂ ಹೊಸದು; ಹೊಸ ಶೂ ಹಬ್ಬಕ್ಕಲ್ಲದೆ ಇನ್ಯಾವಾಗ ಹಾಕಿಕೊಳ್ಳಬೇಕು?

ಕುಂಡ ಯಾರು ಕೊಟ್ಟರು ಅಂತ ನೀವು ಕೇಳಿಲ್ಲ, ಯಾರು ಕೊಟ್ಟಿಲ್ಲ ಅಂತ ಮಾತ್ರ ಬರೆದಿದ್ದೀರಿ. ಕೇಳದ ಪ್ರಶ್ನೆಗೆ ಉತ್ತರ ಹೇಳುವ ಅಭ್ಯಾಸ ನನಗಿಲ್ಲ. ಬಾವುಟದ ಮೇಲಿನ ಪದ್ಯ ಅಚ್ಚುಹಾಕಿದ್ದು. ಸಂತೆಯ ಅರ್ಧ ಕುಂಡಗಳ ಮೇಲೆ ಅದೇ ಪದ್ಯವಿತ್ತು. ಆ ಗಿಡಕ್ಕೆ ಮೂಗು ತಾಗಿಸಿ ಮೂಸಬಾರದು, ಬಾಡಿಬಿಡುತ್ತದೆ ಅನ್ನುತ್ತಾರೆ. ಅಂಗೈಯನ್ನು ಮೆಲ್ಲಗೆ ಅದರ ತಲೆಯ ಮೇಲೆ ಆಡಿಸಿ, ಆಮೇಲೆ ಅಂಗೈ ಮೂಸಬೇಕು. ಬಿಸಿಲು ಇಳಿದ ಮೇಲೆ ನೀರು ಹಾಕಿ.

ಯಾವಾಗ ಬರುತ್ತೇನೆ ಅಂತ ನೀವೂ ಕೇಳಿಲ್ಲ, ನಾನೂ ಹೇಳಿಲ್ಲ. ಊಟಕ್ಕೆ ಏನು ಮಾಡುತ್ತಿದ್ದೀರಿ?

ಗ್ರಾಸಿಯೆತ್

•

ಎಸ್ತ್ರೆಮೋಜ್
೫ ಜುಲೈ, ಶನಿವಾರ

ಗ್ರಾಸಿಯೆತ್‌ಗೆ,

ನನ್ನ ಊಟದ ಬಗ್ಗೆ ನಿನಗೆ ಚಿಂತೆ ಬೇಡ. ಆ ಇಲಾಖೆಯನ್ನು ದೊನಾ ಎರ್ಮೆಲಿಂದಾ ವಹಿಸಿಕೊಂಡಿದ್ದಾರೆ.

ಅವರ ಗಂಡ, ಔಷಧಿ ಅಂಗಡಿಯ ಫಿರ್ಮೀನು ತೀರಿಕೊಂಡದ್ದು ನಿನಗೆ ಗೊತ್ತೇ ಇದೆ. ಅವರ ಕಲ್ಲಿನ ಕೆಲಸ ನನಗೇ ಬಂದಿದೆ. ಆ ತಾಯಿ ಮೊದಲ ದಿನ ಬಂದಾಗ "ಶಾಶ್ವತ ದುಃಖದಲ್ಲಿ, ಪ್ರೀತಿಯ ಹೆಂಡತಿ ಎರ್ಮೆಲಿಂದಾ" ಅಂತ ಕೆತ್ತಿ ಅಂದರು. ಮರುದಿನ ಬಂದು "ಶಾಶ್ವತ ಅಂದ್ರೆ ಜಾಸ್ತಿ ಆಯ್ತೇನೋ, ಅಗಾಧ ಅಂತ ಇರ್ಲಿ" ಅಂದರು. ನಿನ್ನೆ ಬಂದು "ಬರೀ ದುಃಖದಲ್ಲಿ ಅಂತ ಸಾಕು ಅದೇರಿತೊ ಅವರೇ, ಅಮೃತಶಿಲೆ ದುಬಾರಿ" ಅಂದರು. ಇದೇ ವೇಗದಲ್ಲಿ ಹೋದರೆ ತಿಂಗಳ ಕೊನೆಗೆ "ತಕ್ಕಮಟ್ಟಿಗೆ ಸಂತೋಷದಲ್ಲಿ" ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಪ್ರತಿ ತಿದ್ದುಪಡಿಯ ಜೊತೆಗೂ ಒಂದು ಬೋಗುಣಿ ಬ್ರೆಡ್ಡಿನ ಸಾರು ಬರುತ್ತದೆ. ಬೆಳ್ಳುಳ್ಳಿ, ಒಡೆದು ಬಿಟ್ಟ ಮೊಟ್ಟೆ, ಮೇಲೆ ಧಾರಾಳ ಕೊತ್ತಂಬರಿ. ಉಪ್ಪು ಹದವಾಗಿರುತ್ತದೆ. "ನೀವು ಬಡವಾಗಿದೀರಿ, ಯಾರೂ ನೋಡ್ಕೊಳ್ಳೋರಿಲ್ಲ" ಅನ್ನುತ್ತಾರೆ. ನಾನು ಸಾರಿನ ಕಡೆ ನೋಡುತ್ತೇನೆಯೇ ಹೊರತು ಬೇರೆ ಕಡೆ ನೋಡುವುದಿಲ್ಲ. ಅವರು ಎಲ್ಲಿ ನೋಡುತ್ತಾರೆ ಅಂತ ನಾನು ಹೇಗೆ ಹೇಳಲಿ?

ಕಾಮಕಸ್ತೂರಿಯನ್ನು ಉಳಿ-ಸುತ್ತಿಗೆ ಇಡುವ ಕೋಣೆಯಲ್ಲಿ ಇಟ್ಟಿದ್ದೇನೆ. ಅಲ್ಲಿ ತಂಪು. ಬೆಳಕು ಸ್ವಲ್ಪ ಕಡಿಮೆ. ಮೂಸಬಾರದು ಅಂತ ನೀನು ಬರೆದ ಪತ್ರ ತಡವಾಗಿ ಬಂತು, ಅಷ್ಟರಲ್ಲಿ ಮೂಸಿಯಾಗಿತ್ತು. ಸುವಾಸನೆಗಾಗಿ ಅಲ್ಲ, ವಿಚಾರಣೆಗಾಗಿ. ಬೇರೆ ಗಂಡಸಿನ ತಲೆಯೆಣ್ಣೆಯ ವಾಸನೆ ಇದೆಯೇ ಅಂತ ಎಲೆ ಎಲೆಗೂ ಮೂಗು ಹಚ್ಚಿ ಪರೀಕ್ಷೆ ಮಾಡಿದೆ. ಕಾಮಕಸ್ತೂರಿಯ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಅಪರಾಧಿಗಳು ಎಚ್ಚರಿಕೆಯಿಂದಿದ್ದಾರೆ ಅಂತ ಇದರ ಅರ್ಥ.

ಈಗ ಗೋಪುರದ ವಿಷಯ. ಬರೆಯಬಾರದು ಅಂತಿದ್ದೆ. ಇಗರ್ಜಿಯ ಮೆಟ್ಟಿಲ ಮೇಲಿಂದ ಅಲ್ಲಾಡಲಿಲ್ಲ ಅಂತ ನೀನು ಬರೆದಿದ್ದೀ. ನಾನು ಸುಳ್ಳು ಅನ್ನುವುದಿಲ್ಲ. ಆದರೆ ಮೇಲೆ ನಿಂತು ನೋಡುವಾಗ ಆ ಇಗರ್ಜಿಯ ಮೆಟ್ಟಿಲು ಹಳದಿ ಹೂವಿನ ಗೌನು ತೊಟ್ಟುಕೊಂಡು ಎದ್ದು ನಿಂತಿತು. ಕೂದಲು ಸರಿಮಾಡಿಕೊಂಡಿತು. ಕಚ್ಚುವ ಶೂನಲ್ಲಿ ಒಂದು ಚೂರೂ ಕುಂಟದೆ ನಡೆದು, ಅದೇ ಓಣಿಗೆ ತಿರುಗಿ, ಛತ್ರಿಗಳು ನೇತಾಡುವ ಬಾಗಿಲ ಮುಂದೆ ನಿಂತಿತು. ಆಮೇಲೆ ಬೇಗ ಬೇಗ ವಾಪಸ್ಸು ಬಂದು ಮೆಟ್ಟಿಲಾಯಿತು. ಪಕ್ಕದಲ್ಲಿ ನಿಂತಿದ್ದ ಜರ್ಮನಿಯ ಪ್ರವಾಸಿ ಹೊಳೆಯ ಕಡೆ ಕೈತೋರಿಸಿ ಏನೋ ಸುಂದರ ಅಂದ. ನಾನು ಹೌದು ಅಂದೆ.

ನಾನು ಇಳಿದು ಬಂದಾಗ ನೀನು "ಹೆಂಗಿತ್ರೀ?" ಅಂತ ಕೇಳಿದೆ. "ಗಾಳಿ ಜಾಸ್ತಿ" ಅಂದೆ ನಾನು. ಅಷ್ಟೇ.

ಶೂ ಯಾರಿಗಾಗಿ ಎಂದು ನಾನಿನ್ನು ಕೇಳುವುದಿಲ್ಲ. ಈ ಪತ್ರಕ್ಕೆ ಉತ್ತರದ ಅಗತ್ಯವೂ ಇಲ್ಲ.

ಅದೇರಿತೊ

•

ಪೋರ್ಟೊ
೧೦ ಜುಲೈ, ಗುರುವಾರ

ಶ್ರೀಮಾನ್ ಅದೇರಿತೊ ಅವರಿಗೆ,

ಉತ್ತರದ ಅಗತ್ಯ ಇಲ್ಲ ಅಂದಿದ್ದೀರಿ. ಆದ್ದರಿಂದ ಇದು ಉತ್ತರವಲ್ಲ.

ಒಂದು. ಆ ಕೊತ್ತಂಬರಿ ನನ್ನ ಹಿತ್ತಿಲಿನದು. ಎರ್ಮೆಲಿಂದಾಳ ಹಿತ್ತಿಲಲ್ಲಿ ಕೊತ್ತಂಬರಿ ಬಂದದ್ದನ್ನು ಯಾರೂ ನೋಡಿಲ್ಲ. ಅವಳ ಗಂಡ ಇದ್ದಾಗಲೂ ಬರುತ್ತಿರಲಿಲ್ಲ. ನನ್ನ ಬೇಲಿ ದಾಟಿ ನನ್ನ ಸೊಪ್ಪು ಕಿತ್ತು ನನ್ನ ಗಂಡನಿಗೇ ಸಾರು ಮಾಡಿ ಬಡಿಸುವುದಕ್ಕೆ ಬಹಳ ದೊಡ್ಡ ದುಃಖ ಬೇಕು.

ಮತ್ತೆ, ಉಪ್ಪು ಹದವಾಗಿದೆ ಅಂತ ಯಾಕೆ ಬರೆದಿರಿ? ಇಷ್ಟು ವರ್ಷ ನಾನು ಹಾಕಿದ ಉಪ್ಪು ಒಂದು ದಿನವಾದರೂ ಹದವಾಗಿತ್ತೇ? ನೀವು ಬಡವಾಗಿದ್ದೀರಂತೆ. ಮೊನ್ನೆ ಇಲ್ಲಿಂದ ಹೊರಡುವಾಗ ನಿಮ್ಮ ಬೆಲ್ಟಿಗೆ ಹೊಸ ತೂತು ಕೊರೆದುಕೊಟ್ಟವಳು ನಾನು, ಒಳಗಡೆಗಲ್ಲ, ಹೊರಗಡೆಗೆ.

ಅವಳು ಕೆಲಸದ ಕೋಣೆಗೆ ಬರುವಾಗ ಕಪ್ಪು ಬಟ್ಟೆ ಹಾಕಿಕೊಂಡು ಬರುತ್ತಾಳೋ, ಬೂದು ಬಣ್ಣಕ್ಕೆ ಇಳಿದಿದ್ದಾಳೋ? ಕೇವಲ ಮಾಹಿತಿಗಾಗಿ.

ಅಕ್ಕ ಹೇಳುತ್ತಾಳೆ, "ಗೋಪುರದ ಮೇಲೆ ಹತ್ತಿ ಹೆಂಡ್ತೀನ ಕಾಯೋನು ಕೆಳಗಿಳಿದು ಒಂದು ಮಾತು ಕೇಳಿದ್ರೆ ಏನಾಗ್ತಿತ್ತು?" ನಾನು ಹೇಳುವುದಿಲ್ಲ. ಅವಳು ಹೇಳುತ್ತಾಳೆ.

ಅವಳ ಮೊಣಕಾಲು ಬಹಳ ಕೆಟ್ಟಿದೆ. ಆಗಸ್ಟ್ ಕಳೆಯುವವರೆಗೂ ಏಳುವ ಹಾಗೆ ಕಾಣುವುದಿಲ್ಲ. ಆಮೇಲೂ ನೋಡಬೇಕು.

ಗ್ರಾಸಿಯೆತ್

•

ಎಸ್ತ್ರೆಮೋಜ್
೧೭ ಜುಲೈ, ಗುರುವಾರ

ಗ್ರಾಸಿಯೆತ್,

ಸಾರು ನಿಂತಿದೆ. ಇನ್ನು ಮುಂದೆ ಬರುವ ಲಕ್ಷಣವಿಲ್ಲ. ಹೇಗೆ ನಿಂತಿತು ಅಂತ ಬೇರೆಯವರು ನಿನಗೆ ಬರೆಯುವ ಮೊದಲು ನಾನೇ ಬರೆಯುತ್ತೇನೆ.

ನಿನ್ನ ಪತ್ರ ಬಂದ ದಿನ ಫಿರ್ಮೀನು ಅವರ ಕಲ್ಲು ಮುಗಿಸಲು ಕೂತಿದ್ದೆ. ಕಿಸೆಯಲ್ಲಿ ಪತ್ರ. "ಆಮೇಲೂ ನೋಡಬೇಕು" ಎಂಬ ಮಾತು ಉಳಿಯ ಪ್ರತಿ ಏಟಿಗೂ ಕೇಳಿಸುತ್ತಿತ್ತು. ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಮುಗಿಸಿ, ಧೂಳು ಒರೆಸಿ, ಬಟ್ಟೆ ಮುಚ್ಚಿದೆ. ಓದಿ ನೋಡಲಿಲ್ಲ. ಕಸುಬು ಶುರುಮಾಡಿದಾಗಿನಿಂದ ಓದಿ ನೋಡದೆ ಮುಚ್ಚಿದ ಕಲ್ಲು ಅದೊಂದೇ.

ಭಾನುವಾರ ಸ್ಮಶಾನದಲ್ಲಿ ಪಾದ್ರಿ ಬಂದರು, ನೆಂಟರು ಬಂದರು, ದೊನಾ ಎರ್ಮೆಲಿಂದಾ ಮುಸುಕು ಹೊದ್ದು ಬಂದರು. ಬಟ್ಟೆ ಸರಿಸಿದೆ. ಕಲ್ಲಿನ ಮೇಲೆ, ನಾನು ಇದುವರೆಗೆ ಕೆತ್ತಿದ ಅಕ್ಷರಗಳಲ್ಲೆಲ್ಲ ಸುಂದರವಾದ ಅಕ್ಷರಗಳಲ್ಲಿ ಹೀಗಿತ್ತು: "ದುಃಖದಲ್ಲಿ, ಪ್ರೀತಿಯ ಹೆಂಡತಿ ಗ್ರಾಸಿಯೆತ್."

ದೊನಾ ಎರ್ಮೆಲಿಂದಾ ಮುಸುಕು ಎತ್ತಿ, ಇನ್ನೊಮ್ಮೆ ಓದಿ, "ಅದೇರಿತೊ ಅವರೇ, ನನ್ನ ಗಂಡನ ತಲೆ ಹತ್ರ ನಿಮ್ಮ ಹೆಂಡ್ತಿ ಏನು ಮಾಡ್ತಿದಾಳೆ?" ಅಂತ ಕೇಳಿದರು. ಹಿಂದಿನಿಂದ ಕ್ಷೌರಿಕ ಝೆಫೆರೀನು ಮೆಲ್ಲಗೆ, "ಫಿರ್ಮೀನು ಬಾಯಿ ಬಿಡದ ಮನುಷ್ಯ ಅಂತಿದ್ವಿ. ಏನು ಮುಚ್ಚಿಟ್ಟಿದ್ದ ಅಂತ ಈಗ ಗೊತ್ತಾಯ್ತು" ಅಂದ. ಪಾದ್ರಿಗೆ ಕೆಮ್ಮು ಬಂತು. ಈ ದೇಶದ ಪಾದ್ರಿಗಳೆಲ್ಲ ನನ್ನನ್ನು ಕಂಡರೆ ಕೆಮ್ಮುತ್ತಾರೆ.

ಹೀಗೆ ನಾನು ಹೊಟ್ಟೆಕಿಚ್ಚು ಪಡಬೇಕಾದವರ ಸಾಲಿಗೆ ಒಬ್ಬ ಸತ್ತವನೂ ಸೇರಿದ್ದಾನೆ. ಇಡೀ ಊರು ನಗುತ್ತಿದೆ. ಹೊಸ ಕಲ್ಲು ನನ್ನ ಖರ್ಚಿನಲ್ಲೇ ಕೆತ್ತುತ್ತಿದ್ದೇನೆ. ಅವರು ಸಿಟ್ಟಿಗೆ "ಶಾಶ್ವತ" ಎಂಬುದನ್ನು ವಾಪಸ್ಸು ಹಾಕಿಸಿದ್ದಾರೆ. ಹಳೆಯ ಕಲ್ಲು ಅಂಗಳದಲ್ಲಿ ಗೋಡೆಗೆ ಮುಖಮಾಡಿ ನಿಂತಿದೆ. ಕೊತ್ತಂಬರಿ ನಿನ್ನದೇ ಅಂತ ನನಗೂ ಗೊತ್ತಿತ್ತು. ಸಾರಿಗೆ ಉಪ್ಪು ಕಡಿಮೆ ಇತ್ತು. ನಿನಗೆ ನೋವಾಗಲಿ ಅಂತಲೇ ಹದವಾಗಿದೆ ಎಂದು ಬರೆದೆ. ಅವರು ಬಂದದ್ದು ಕಪ್ಪು ಬಟ್ಟೆಯಲ್ಲೇ.

ಕಾಮಕಸ್ತೂರಿಯನ್ನು ಕಿಟಕಿಗೆ ತಂದಿಟ್ಟಿದ್ದೇನೆ. ಕೆಳಗಿನ ಎಲೆಗಳು ಹಳದಿಯಾಗಿವೆ. ಬಿಸಿಲು ಇಳಿದ ಮೇಲೆ ನೀರು ಹಾಕುತ್ತಿದ್ದೇನೆ. ಅಂಗೈ ಆಡಿಸಿ ಅಂಗೈ ಮೂಸುತ್ತೇನೆ. ಕಲ್ಲಿನ ಧೂಳಿನ ವಾಸನೆಯೇ ಹೆಚ್ಚು.

ಈಗ ಕೇಳುತ್ತೇನೆ. ನಿನ್ನ ಅಕ್ಕ ಹೇಳಿದ್ದು ಸರಿ. ಗೋಪುರದಿಂದ ಇಳಿದ ಕೂಡಲೇ ಕೇಳಬೇಕಿತ್ತು. ಆ ಮನುಷ್ಯನ ಬೆಳ್ಳುಳ್ಳಿ ದಂಟು ನನಗೆ ಏನೂ ಮಾಡಲಿಲ್ಲ ಗ್ರಾಸಿಯೆತ್. ನೀನು ನಕ್ಕೆಯಲ್ಲ, ಅದು. ತಲೆ ಹಿಂದಕ್ಕೆ ಹಾಕಿ, ಓಣಿಯ ಎರಡೂ ಗೋಡೆಗೆ ತಾಗುವಂತೆ ನಕ್ಕೆ. ಅಂಥ ನಗು ನಿನ್ನ ಹತ್ತಿರ ಇದೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಸಲವೂ ಕೇಳಿಲ್ಲ. ಅದನ್ನು ಅಷ್ಟು ವರ್ಷ ಆ ಊರಿನಲ್ಲೇ ಬಿಟ್ಟು ಬಂದಿದ್ದೆಯೋ, ಅವನಿಗಾಗಿ ಎತ್ತಿಟ್ಟಿದ್ದೆಯೋ? ಆ ನಗು ಆದ ಮೇಲೆ ನೀನು ಸೇತುವೆಯ ಮೇಲೆ ನಿಂತು ನೀರು ನೋಡುತ್ತಿದ್ದೆ. ಇವಳು ಇಲ್ಲಿಯವಳು, ನಾನು ಸುಮ್ಮನೆ ಎರವಲು ತಂದುಕೊಂಡಿದ್ದೆ ಅನ್ನಿಸಿತು.

ವಾಪಸ್ಸು ಬರುತ್ತೀಯೋ ಇಲ್ಲವೋ, ಅಷ್ಟು ಹೇಳು. ಮೊಣಕಾಲಿನ ವಿಷಯ ಬರೆಯಬೇಡ.

ಅದೇರಿತೊ

•

ಪೋರ್ಟೊ
೨೨ ಜುಲೈ, ಮಂಗಳವಾರ

ರೀ,

ನಿಮ್ಮ ಪತ್ರವನ್ನು ಈ ಸಲ ಅಕ್ಕನಿಗೆ ಓದಿ ಹೇಳಲಿಲ್ಲ. ಸಮಾಧಿ ಕಲ್ಲಿನ ಭಾಗ ಮಾತ್ರ ಹೇಳಿದೆ. ನಗುತ್ತಾ ನಗುತ್ತಾ ಮಾಳಿಗೆ ಮೆಟ್ಟಿಲು ಹತ್ತಿ ಮೇಲಿನ ಮನೆಯವರಿಗೆ ಹೇಳಲು ಓಡಿದಳು. ಮೊಣಕಾಲಿನ ವಿಷಯ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಅವನ ಹೆಸರು ಲೊರೆನ್ಸು. ಮದುವೆಗೆ ಮುಂಚೆ ನಾನು ಆ ಅಂಗಡಿಯ ಮಾಳಿಗೆಯಲ್ಲಿ ಛತ್ರಿಯ ಬಟ್ಟೆ ಹೊಲಿಯುತ್ತಿದ್ದೆ. ಅವನು ಮಾಲೀಕರ ಮಗ. ನಿನ್ನನ್ನೇ ಮದುವೆಯಾಗುತ್ತೇನೆ ಅಂದಿದ್ದ. ಎರಡು ಚಳಿಗಾಲ ಅಂದ. ಮೂರನೆಯ ಚಳಿಗಾಲದಲ್ಲಿ ಬೇರೆಯವಳಿಗೆ ಅಂದ. ಇಷ್ಟನ್ನು ನಿಮಗೆ ಹೇಳಿರಲಿಲ್ಲ. ನಾನೇ ಬೇಡ ಅಂದು ಬಂದ ಹಾಗೆ ಇಷ್ಟು ದಿನ ಮೆರೆದೆ. ನೀವು ಸಾರಿಗೆ ಕೊಂಕು ತೆಗೆದಾಗಲೆಲ್ಲ ಅವನನ್ನು ಹೊರಗೆ ತೆಗೆದು ಬೀಸುತ್ತಿದ್ದೆ. ಒಳ್ಳೆ ಕೆಲಸಕ್ಕೆ ಬರುತ್ತಿದ್ದ.

ಹೌದು, ಶೂ ಅವನಿಗೇ ಕೊಂಡದ್ದು. ಹಳದಿ ಗೌನು ಕೂಡ. ಅವನ ಮುಂದೆ ನಿಮ್ಮ ತೋಳು ಹಿಡಿದು ಹಾದು ಹೋಗಬೇಕು, ಅವನು ಬೆಪ್ಪಾಗಿ ನಿಲ್ಲಬೇಕು, ನಾನು ತಿರುಗಿಯೂ ನೋಡಬಾರದು ಅಂತ ಜನವರಿಯಿಂದ ಯೋಚನೆ ಮಾಡಿದ್ದೆ. ನೀವು ಗೋಪುರ ಹತ್ತಿದಾಗ ತಡೆಯಲಾರದೆ ಮೊದಲೊಂದು ಸಲ ಹೋಗಿ ನಿಂತೆ. ಅವನು ಗಲ್ಲಾಪೆಟ್ಟಿಗೆಯ ಮೇಲಿಂದ ತಲೆಯೆತ್ತಿ ನನ್ನ ಮುಖ ನೋಡಿದ. ನೇರವಾಗಿ ನೋಡಿದ. "ಏನು ಕೊಡ್ಲಿ ಅಮ್ಮಾ, ಮಡಚೋ ಛತ್ರೀನಾ, ಉದ್ದದ್ದಾ?" ಅಂದ.

"ಏನೂ ಬೇಡ, ಸುಮ್ನೆ ನೋಡ್ತಿದೀನಿ" ಅಂದೆ.

"ನೋಡಿ ನೋಡಿ, ನೋಡೋಕೆ ದುಡ್ಡಿಲ್ಲ" ಅಂದ.

ಬೆಳಕು ಕಡಿಮೆ ಇತ್ತು, ಅದಕ್ಕೇ ಗೊತ್ತಾಗಲಿಲ್ಲ ಅಂದುಕೊಂಡೆ. ಅದಕ್ಕೆ ನಿಮ್ಮನ್ನು ಕರೆದುಕೊಂಡು ಇನ್ನೊಂದು ಸಲ ಆ ಓಣಿಗೆ ತಿರುಗಿದೆ. ಅವನು ದಂಟು ಹಿಡಿದು ಬಾಗಿಲಿಗೆ ಬಂದು ಹಾದುಹೋಗುವವರಿಗೆಲ್ಲ ಬಡಿಯುತ್ತಿದ್ದ. ನನಗೂ ಬಡಿದ. ನಾನು ಗಟ್ಟಿಯಾಗಿ ನಕ್ಕೆ. ಆ ಕಾಲದಲ್ಲಿ ಅವನು, ನೀನು ನಕ್ಕರೆ ಹೊಳೆಯ ಆಚೆ ದಡದವರೂ ತಿರುಗಿ ನೋಡುತ್ತಾರೆ ಅನ್ನುತ್ತಿದ್ದ. ಮುಖ ಮರೆತಿರಬಹುದು, ನಗು ನೆನಪಾಗುತ್ತದೇನೋ ಅಂತ ಎಷ್ಟು ಶಕ್ತಿಯಿತ್ತೋ ಅಷ್ಟು ಹಾಕಿ ನಕ್ಕೆ. ಅವನು ನನ್ನ ಹಿಂದಿದ್ದ ಹೆಂಗಸಿನ ತಲೆ ಕಡೆಗೆ ಕೈ ಚಾಚುತ್ತಿದ್ದ. ಆಗ ನೀವು ಅವನ ಮಣಿಕಟ್ಟು ಹಿಡಿದಿರಿ. ಜನ್ಮದಲ್ಲೇ ನೋಡಿಲ್ಲ ಅಂದನಲ್ಲ, ಅದು ಸುಳ್ಳಲ್ಲ ರೀ. ಅವನ ಮಟ್ಟಿಗೆ ಸತ್ಯವೇ.

ಆ ನಗು ನಿಮಗೆ ಅಷ್ಟು ಹಿಡಿಸಿತೇ? ಅದು ಸಂತೆಯಲ್ಲಿ ಕೂಗಿ ಕರೆದ ಹಾಗೆ ನಕ್ಕದ್ದು. ನಮ್ಮ ಮನೆಯಲ್ಲಿ ಅಷ್ಟು ಜೋರಾಗಿ ನಗುವ ಅಗತ್ಯ ಯಾವತ್ತೂ ಬೀಳಲಿಲ್ಲ. ಸುಮ್ಮನೆ ಮೂಗಿನಲ್ಲಿ ನಕ್ಕರೂ ನೀವು ಉಳಿ ಕೆಳಗಿಟ್ಟು "ಏನದು?" ಅನ್ನುತ್ತೀರಿ.

ಸೇತುವೆಯ ಮೇಲೆ ನಿಂತು ನಾನು ನೀರು ನೋಡಲಿಲ್ಲ, ನಾಚಿಕೆ ಕಳೆಯುವುದನ್ನು ಕಾಯುತ್ತಿದ್ದೆ. ನಿಮ್ಮ ಜೊತೆ ಮರುದಿನ ಹೊರಡಲು ಮನಸ್ಸಾಗಲಿಲ್ಲ. ಇನ್ನು ಜಗಳ ಬಂದರೆ ಕೈಯಲ್ಲಿ ಏನಿಟ್ಟುಕೊಂಡು ನಿಮಗೆ ಬೀಸಲಿ? ಛತ್ರಿಯ ಬಟ್ಟೆಯೆಲ್ಲ ಹರಿದು ಕಡ್ಡಿ ಮಾತ್ರ ಉಳಿದಿತ್ತು. ಇಲ್ಲಿದ್ದುಕೊಂಡು ನೀವು ಬಾ ಅಂತ ಒಂದು ಮಾತು ಬರೆಯಲಿ ಅಂತ ಕಾದೆ. ನೀವು ಸಾರಿನ ಬಗ್ಗೆ ಬರೆದಿರಿ. ಎರ್ಮೆಲಿಂದಾಳ ಬೋಗುಣಿ ಓದಿದ ದಿನ ನಾನು ಊಟ ಮಾಡಲಿಲ್ಲ ಅಂತ ಅಕ್ಕ ಹೇಳಿಯಾಳು, ನಂಬಬೇಡಿ. ರಾತ್ರಿ ಸ್ವಲ್ಪ ತಿಂದೆ.

ಕುಂಡ ನಾನೇ ಕೊಂಡದ್ದು. ಹಬ್ಬದ ಬೀದಿಯಲ್ಲಿ ಎಲ್ಲ ಹೆಂಗಸರ ಕೈಯಲ್ಲೂ ಅವರವರ ಗಂಡಂದಿರು ಕೊಟ್ಟ ಕುಂಡ. ನೀವು ಕಿಸೆಯಲ್ಲಿ ಕೈಯಿಟ್ಟು ಗ್ರಾನೈಟ್ ನೋಡುತ್ತಿದ್ದಿರಿ. ನೀವು ಮೀನು ತರಲು ಹೋದಾಗ ನಾನೇ ಕೊಂಡು, ನೋಡಿದವರು ನೀವು ಕೊಟ್ಟದ್ದು ಅಂದುಕೊಳ್ಳಲಿ ಅಂತ ಹಿಡಿದು ನಿಂತಿದ್ದೆ. ಅದರಲ್ಲಿ ನೀವು ತಲೆಯೆಣ್ಣೆ ಹುಡುಕಿದಿರಿ.

ಒಂದು ಮಾತು ಮಾತ್ರ ಬರೆದು ಮುಗಿಸುತ್ತೇನೆ. ಆವತ್ತು ಆ ಊರಿನ ಬೀದಿ ತುಂಬ ಜನ. ಅಷ್ಟು ಜನರಲ್ಲಿ, ನಾನು ಹುಟ್ಟಿ ಬೆಳೆದ ಊರಿನಲ್ಲಿ, ನನ್ನನ್ನು ಗುರುತು ಹಿಡಿದು ನೋಡುತ್ತಿದ್ದವರು ನೀವೊಬ್ಬರೇ. ಅಷ್ಟು ಎತ್ತರದ ಗೋಪುರದ ಮೇಲಿಂದ, ನಾನು ಕೂದಲು ಸರಿಮಾಡಿಕೊಂಡದ್ದು ಕೂಡ ನಿಮಗೆ ಕಂಡಿತು. ಕನ್ನಡಕ ಬದಲಾಯಿಸಬೇಕು ಅಂತ ಎರಡು ವರ್ಷದಿಂದ ಹೇಳುತ್ತಿದ್ದೀರಲ್ಲ, ಇನ್ನು ಆ ಮಾತು ಎತ್ತಬೇಡಿ.

ಫಿರ್ಮೀನು ಅವರ ಕಲ್ಲನ್ನು ಒಡೆಯಬೇಡಿ. ಮೇಲಿನ ಭಾಗ ಕೊಯ್ದು ತೆಗೆದು, ದುಃಖವನ್ನೂ ಬಿಟ್ಟು, "ಪ್ರೀತಿಯ ಹೆಂಡತಿ ಗ್ರಾಸಿಯೆತ್" ಇರುವ ಪಟ್ಟಿ ಮಾತ್ರ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಡೆ ಹಾಕಿ. ನೀವು ಬಾಯಿ ಬಿಟ್ಟು ಹೇಳುವವರಲ್ಲ. ಬಟ್ಟೆ ಕುಕ್ಕುವಾಗ ಓದಿಕೊಳ್ಳುತ್ತೇನೆ. ಕೊತ್ತಂಬರಿಯ ಕಡೆ ಬೇಲಿ ಸ್ವಲ್ಪ ಎತ್ತರಿಸಿ.

ಶನಿವಾರ ಸಂಜೆಯ ರೈಲಿಗೆ ಬರುತ್ತೇನೆ. ನಿಲ್ದಾಣದಿಂದ ಮನೆಯವರೆಗಿನ ಏರು ಈ ಶೂನಲ್ಲಿ ನನ್ನ ಕೈಲಾಗುವುದಿಲ್ಲ. ಹಬ್ಬದ ದಿನ ಕಾಲಲ್ಲಿ ಎದ್ದ ಬೊಬ್ಬೆ ಇನ್ನೂ ಆರಿಲ್ಲ. ನೀವು ಬರುವಾಗ ಮಂಚದ ಕೆಳಗಿರುವ ನನ್ನ ಹಳೇ ಕಂದು ಚಪ್ಪಲಿ ತನ್ನಿ. ಎಡಗಾಲಿನದರ ಪಟ್ಟಿ ಕಿತ್ತಿದೆ, ಶುಕ್ರವಾರವೇ ಒಂದು ಹೊಲಿಗೆ ಹಾಕಿಸಿಡಿ.

ಗ್ರಾಸಿಯೆತ್